ಕೇಳಿಸಿಕೊಳ್ಳದ ಮಗು ಮತ್ತು ಹೊಣೆಯ ಪ್ರಶ್ನೆ

ಹೇಳಿದ್ದನ್ನು ಕೇಳಿಸಿಕೊಳ್ಳದ ಮಗುವಿಗೆ ಮನೆಯಲ್ಲೂ ಶಾಲೆಯಲ್ಲೂ ಸಿಗುವ ಹೆಸರುಗಳು ಹೆಚ್ಚಾಗಿ ನಡತೆಗೆ ಸಂಬಂಧಿಸಿದವು. ಹಟಮಾರಿ, ಸೋಮಾರಿ, ಉಡಾಫೆ ಎನ್ನುವಾಗಲೇ ಮಗು ಬೇಕೆಂದು ಹಾಗೆ ಮಾಡುತ್ತಿದೆ ಎಂಬ ತೀರ್ಮಾನ ಆಗಿಹೋಗಿರುತ್ತದೆ. ಆದರೆ ಕರೆದಾಗ ಓಗೊಡದಿರುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿರಬಹುದು. ಸದ್ದು ಕಿವಿಯೊಳಗೆ ಸರಿಯಾಗಿ ತಲುಪದಿರಬಹುದು. ತಲುಪಿದ ಸದ್ದನ್ನು ಮಿದುಳು ಮಾತಾಗಿ ಬಿಡಿಸಿಕೊಳ್ಳದಿರಬಹುದು. ಮಾತು ತಿಳಿಯುವಂತಿದ್ದರೂ ಮನಸ್ಸು ಅತ್ತ ತಿರುಗದಿರಬಹುದು. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ತರಹ ಕಾಣುತ್ತವೆ. ಹೊಣೆ ಯಾರದೆಂದು ಕೇಳಿದರೆ ಮೂರಕ್ಕೂ ಉತ್ತರ ಬೇರೆ. ಗಮನವೆಂಬುದು ಮಗು ಮಾಡುವ ಕೆಲಸವೋ, ಮಗುವಿನಲ್ಲಿ ತಾನಾಗಿ ನಡೆಯುವ ಸಂಗತಿಯೋ? ಕೆಲಸವಾದರೆ ಮೆಚ್ಚುಗೆಗೂ ದೂರಿಗೂ ಅವಕಾಶವುಂಟು. ತಾನಾಗಿ ನಡೆಯುವುದಾದರೆ ಎರಡಕ್ಕೂ ಇಲ್ಲ.

ಭಾರತೀಯ ದರ್ಶನಗಳಲ್ಲಿ ಈ ಪ್ರಶ್ನೆಗೆ ದೀರ್ಘ ಚರಿತ್ರೆಯಿದೆ. ಮನಸ್ಸು ಬೇರೆಡೆ ಇದ್ದಾಗ ಎದುರಿಗಿರುವುದು ಕಾಣುವುದಿಲ್ಲ, ಆಡಿದ್ದು ಕೇಳುವುದಿಲ್ಲ ಎಂಬ ಅನುಭವದ ಮೇಲೆಯೇ ಬೃಹದಾರಣ್ಯಕ ಉಪನಿಷತ್ತು ಮನಸ್ಸನ್ನು ಇಂದ್ರಿಯಗಳಿಂದ ಬೇರ್ಪಡಿಸುತ್ತದೆ. ನ್ಯಾಯದರ್ಶನ ಇದನ್ನು ವಾದವಾಗಿ ಕಟ್ಟಿತು. ಕಣ್ಣು, ಕಿವಿ, ಚರ್ಮಗಳು ಒಂದೇ ಹೊತ್ತಿಗೆ ತಮ್ಮ ತಮ್ಮ ವಿಷಯಗಳನ್ನು ಮುಟ್ಟುತ್ತಿದ್ದರೂ ಅವುಗಳ ಜ್ಞಾನ ಒಟ್ಟಿಗೆ ಹುಟ್ಟುವುದಿಲ್ಲ. ಮನಸ್ಸೆಂಬುದು ಇದೆ ಎನ್ನಲು ಇದೇ ಗುರುತು ಎನ್ನುತ್ತದೆ ಗೌತಮನ ನ್ಯಾಯಸೂತ್ರ. ಈ ಮತದಂತೆ ಮನಸ್ಸು ಅಣುಗಾತ್ರದ್ದು, ಒಮ್ಮೆಗೆ ಒಂದೇ ಇಂದ್ರಿಯವನ್ನು ಕೂಡಬಲ್ಲದು. 1953ರಲ್ಲಿ ಬ್ರಿಟನ್ನಿನ ವಿಜ್ಞಾನಿ ಕಾಲಿನ್ ಚೆರಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಹತ್ತಿರದವು. ಹೆಡ್‌ಫೋನಿನ ಎರಡು ಬದಿಗಳಲ್ಲಿ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಮಾತ್ರ ಕೂಡಲೇ ಬಾಯಲ್ಲಿ ಹೇಳುತ್ತ ಹೋಗಲು ತಿಳಿಸಲಾಗಿತ್ತು. ಇನ್ನೊಂದು ಕಿವಿಯಲ್ಲಿನ ಮಾತು ನಡುವೆ ಇಂಗ್ಲಿಷಿನಿಂದ ಜರ್ಮನ್ನಿಗೆ ಬದಲಾದದ್ದೂ ಕೇಳುಗರ ಗಮನಕ್ಕೆ ಬರಲಿಲ್ಲ.

ಹಾಗಾದರೆ ಮನಸ್ಸನ್ನು ತಿರುಗಿಸುವವರು ಯಾರು? ವೈಶೇಷಿಕ ದರ್ಶನದ ಪ್ರಶಸ್ತಪಾದ ಪ್ರಯತ್ನದಲ್ಲಿ ಎರಡು ಬಗೆ ಹೇಳುತ್ತಾನೆ. ಇಚ್ಛೆ ಅಥವಾ ದ್ವೇಷದಿಂದ ಹುಟ್ಟುವುದು ಒಂದು. ಬದುಕಿರುವುದರಿಂದಲೇ ನಡೆಯುವುದು ಇನ್ನೊಂದು: ನಿದ್ರೆಯಲ್ಲಿ ಉಸಿರಾಟವನ್ನು ನಡೆಸುವುದೂ, ಎಚ್ಚರವಾಗುವಾಗ ಮನಸ್ಸನ್ನು ಇಂದ್ರಿಯದೊಡನೆ ಕೂಡಿಸುವುದೂ ಇದೇ. ನ್ಯಾಯಭಾಷ್ಯಕಾರ ವಾತ್ಸ್ಯಾಯನ ಇನ್ನೊಂದು ನಿದರ್ಶನ ಕೊಡುತ್ತಾನೆ. ಯಾವುದೋ ಯೋಚನೆಯಲ್ಲಿ ಮುಳುಗಿ ನಡೆಯುವವನ ಕಾಲಿಗೆ ಮುಳ್ಳು ಚುಚ್ಚಿದರೆ, ಅವನು ಬಯಸದಿದ್ದರೂ ಮನಸ್ಸು ಆ ನೋವಿನತ್ತ ಹೋಗುತ್ತದೆ. ಮನಸ್ಸಿನ ಎಲ್ಲ ಚಲನೆಯೂ ಇಚ್ಛೆಯ ಫಲವಲ್ಲ ಎಂಬುದನ್ನು ಈ ದರ್ಶನಗಳು ಹೀಗೆ ಒಪ್ಪಿಕೊಂಡಿವೆ.

ಪತಂಜಲಿಯ ಯೋಗಸೂತ್ರದಲ್ಲಿ ಚಿತ್ತವನ್ನು ಚೆದುರಿಸುವ ಒಂಬತ್ತು ಅಡ್ಡಿಗಳ ಪಟ್ಟಿಯಿದೆ. ಅದರಲ್ಲಿ ಮೊದಲನೆಯದು ವ್ಯಾಧಿ. ಪ್ರಮಾದ, ಆಲಸ್ಯಗಳು ಬೇರೆಯಾಗಿ ಬರುತ್ತವೆ. ಪಡೆದ ನೆಲೆಯಲ್ಲಿ ಚಿತ್ತ ನಿಲ್ಲದಿರುವ ಅನವಸ್ಥಿತತ್ವವೂ ಬೇರೆಯೇ. ಚೆದುರಿದ ಮನಸ್ಸಿಗೆಲ್ಲ ಸೋಮಾರಿತನವೇ ಕಾರಣವೆಂದು ಈ ಪಟ್ಟಿ ಹೇಳುವುದಿಲ್ಲ. ಥೇರವಾದಿ ಬೌದ್ಧರ ಅಭಿಧಮ್ಮದಲ್ಲೂ ಮನಸಿಕಾರ, ಎಂದರೆ ವಿಷಯದತ್ತ ಮನಸ್ಸು ತಿರುಗುವುದು, ಪ್ರತಿಯೊಂದು ಚಿತ್ತಕ್ಷಣದಲ್ಲೂ ಇರುವಂಥದ್ದು. ಅದರಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಸಾಧನೆಯಿಂದ ಬೆಳೆಸಿಕೊಳ್ಳಬೇಕಾದದ್ದು ಯೋನಿಸೋ ಮನಸಿಕಾರ, ಎಂದರೆ ಸರಿಯಾದ ಬಗೆಯಲ್ಲಿ ಗಮನಿಸುವುದು.

ಗಮನಗೇಡಿ ಮಗು ದೂರಿಗೆ ಗುರಿಯಾದರೆ, ಕಿವಿ ಕೇಳದ ಮಗು ಅನೇಕ ಧರ್ಮಪರಂಪರೆಗಳಲ್ಲಿ ಹೊರಗೇ ಉಳಿಯಿತು. ವೇದ ಬಾಯಿಂದ ಕಿವಿಗೆ ಬಂದ ವಿದ್ಯೆ. ನಂಬಿಕೆ ಹುಟ್ಟುವುದು ಕೇಳುವುದರಿಂದ ಎಂದು ಸಂತ ಪೌಲ ರೋಮಿನ ಕ್ರೈಸ್ತರಿಗೆ ಬರೆದ. ಆ ಮಾತನ್ನು ಆಧರಿಸಿ ಕ್ರೈಸ್ತ ಚಿಂತಕ ಆಗಸ್ಟೀನ್, ಹುಟ್ಟುಕಿವುಡುತನ ನಂಬಿಕೆಗೇ ಅಡ್ಡಿ ಎಂದ. ಯೆಹೂದಿ ಧರ್ಮಶಾಸ್ತ್ರ ಕಿವುಡ ಮೂಕರನ್ನು ಮಕ್ಕಳ ಮತ್ತು ಬುದ್ಧಿಭ್ರಮಣೆಯವರ ಜೊತೆ ಸೇರಿಸಿ ವಿಧಿಗಳ ಹೊಣೆಯಿಂದ ಬಿಟ್ಟಿತು. ಮನುಸ್ಮೃತಿ ಹುಟ್ಟುಕಿವುಡರಿಗೆ ಆಸ್ತಿಯಲ್ಲಿ ಪಾಲಿಲ್ಲವೆಂದು ಹೇಳಿ, ಅನ್ನ ಬಟ್ಟೆ ಕೊಡುವುದು ಪಾಲುದಾರರ ಕರ್ತವ್ಯವೆಂದಿತು. ಹಿಂದೂ ಕಾನೂನಿನ ಈ ಬಗೆಯ ನಿರ್ಬಂಧಗಳಲ್ಲಿ ಹೆಚ್ಚಿನವು ಹೋದದ್ದು 1928ರ ಕಾಯ್ದೆಯಿಂದ. ಕಿವುಡರನ್ನು ಹೊರಗಿಡುವ ನಿಲುವನ್ನು ಅಲುಗಿಸಿದವರಲ್ಲಿ ಧರ್ಮದೊಳಗಿನವರೂ ಇದ್ದರು. 16ನೆಯ ಶತಮಾನದ ಸ್ಪೇನಿನಲ್ಲಿ ಬೆನೆಡಿಕ್ಟೈನ್ ಸನ್ಯಾಸಿ ಪೆದ್ರೊ ಪೊನ್ಸೆ ದೆ ಲಿಯೋನ್ ಸಿರಿವಂತ ಮನೆತನದ ಕಿವುಡ ಮಕ್ಕಳಿಗೆ ಓದು ಬರಹ ಕಲಿಸಿದ. 18ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಪಾದ್ರಿ ಎಪೆ, ಇಬ್ಬರು ಕಿವುಡ ಸೋದರಿಯರು ಧರ್ಮಬೋಧೆಯಿಲ್ಲದೆ ಉಳಿದಾರೆಂಬ ಕಳವಳದಿಂದ ಅವರಿಗೆ ಸನ್ನೆಯ ಮೂಲಕ ಪಾಠ ಶುರುಮಾಡಿದ. ಮುಂದೆ ಅದೇ ಶಾಲೆಯಾಯಿತು. ಕಲಿಯಲಾರರು ಎನಿಸಿಕೊಂಡವರು ಕಣ್ಣಿನ ದಾರಿಯಿಂದ ಕಲಿತರು.

ಗಮನದ ಕೊರತೆ ವೈದ್ಯಶಾಸ್ತ್ರಕ್ಕೆ ಬಂದದ್ದೂ ನೀತಿಯ ಮಾತಿನ ಮೂಲಕವೇ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತನ್ನ ಉಪನ್ಯಾಸಗಳಲ್ಲಿ ನೈತಿಕ ಹತೋಟಿಯ ಕೊರತೆಯುಳ್ಳ ಮಕ್ಕಳನ್ನು ವಿವರಿಸಿದ. ಅವರಲ್ಲಿ ಕೆಲವರ ಬುದ್ಧಿಗೆ ಯಾವ ಕುಂದೂ ಇರಲಿಲ್ಲ, ಸಾಕಿದ ರೀತಿಯಲ್ಲೂ ತಪ್ಪಿರಲಿಲ್ಲ. ನಡತೆಯ ದೋಷಕ್ಕೆ ದೇಹದಲ್ಲಿ ಕಾರಣ ಹುಡುಕಿದ್ದು ಇಲ್ಲಿನ ಹೊಸತನ. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಗಮನವನ್ನೇ ಈ ತೊಂದರೆಯ ಹೆಸರಿಗೆ ತಂದಿತು. ಎಡಿಎಚ್‌ಡಿ, ಎಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಎಂಬ ಹೆಸರು 1987ರದು. ಮಕ್ಕಳ ನಡುವೆ ಈ ಲಕ್ಷಣಗಳಲ್ಲಿ ಕಾಣುವ ವ್ಯತ್ಯಾಸದ ಶೇ 70ರಿಂದ 80ರಷ್ಟು ಅನುವಂಶೀಯವೆಂದು ಅವಳಿ ಮಕ್ಕಳ ಅಧ್ಯಯನಗಳು ಅಂದಾಜಿಸುತ್ತವೆ.

ಹೀಗಿದ್ದರೂ ದೂರು ನಿಲ್ಲದಿರುವುದಕ್ಕೆ ಬಲವಾದ ಕಾರಣವೊಂದಿದೆ: ತೊಂದರೆ ಯಾವಾಗಲೂ ಒಂದೇ ತರಹ ಇರುವುದಿಲ್ಲ. ನೆಗಡಿಯಾದ ಮೇಲೆ ಕಿವಿತಮಟೆಯ ಹಿಂದೆ ನೀರು ನಿಲ್ಲುವುದು ಚಿಕ್ಕ ಮಕ್ಕಳಲ್ಲಿ ಸಾಮಾನ್ಯ. ಆಗ ಕೇಳುವಿಕೆ 25ರಿಂದ 30 ಡೆಸಿಬಲ್‌ನಷ್ಟು ತಗ್ಗಬಹುದು. ಕೆಲವು ವಾರಗಳಲ್ಲಿ ಸರಿಹೋಗಿ, ಮತ್ತೆ ಮರುಕಳಿಸಬಹುದು. ಇಂಥ ಮಗು ಉಕ್ತಲೇಖನಕ್ಕೆ ಕೂತಾಗ ನಡೆಯುವುದು ಇದು. ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಮೇಷ್ಟ್ರು ಬೋರ್ಡಿನತ್ತ ಮುಖ ಮಾಡಿ ಪದ ಹೇಳುತ್ತಾರೆ. ಗಟ್ಟಿಯಾದ ಸ್ವರಗಳು ಕೇಳುತ್ತವೆ. ಸ, ಶ, ತ, ಕಗಳಂಥ ಮೆಲುದನಿಯ ವ್ಯಂಜನಗಳು ಜಾರಿಹೋಗುತ್ತವೆ. ಪಕ್ಕದವರ ಪುಸ್ತಕ ಇಣುಕಿದರೆ ಕಾಪಿ ಹೊಡೆಯುತ್ತದೆ ಎಂಬ ಮಾತು, ಸುಮ್ಮನೆ ಕೂತರೆ ಗಮನವಿಲ್ಲ ಎಂಬ ಮಾತು. ನೀರು ಇಳಿದ ವಾರ ಅದೇ ಮಗು ಸರಿಯಾಗಿ ಬರೆದರೆ, ಬೇಕಾದಾಗ ಮಾತ್ರ ಕಿವಿ ಕೇಳುತ್ತದೆ ಎಂಬ ತೀರ್ಪು ಗಟ್ಟಿಯಾಗುತ್ತದೆ. ಎಡಿಎಚ್‌ಡಿಯಲ್ಲೂ ಹೀಗೆಯೇ. ಮೊಬೈಲ್ ಆಟದ ಮುಂದೆ ತಾಸುಗಟ್ಟಲೆ ಕೂರುವ ಮಗು ಮಗ್ಗಿಯ ಮುಂದೆ ಐದು ನಿಮಿಷ ಕೂರುವುದಿಲ್ಲ. ಹೊಸತನ ಮತ್ತು ಕೂಡಲೇ ಸಿಗುವ ಫಲ ಇದ್ದಲ್ಲಿ ಗಮನ ನಿಲ್ಲುವುದು, ಇಲ್ಲದಲ್ಲಿ ಜಾರುವುದು ಈ ತೊಂದರೆಯ ಲಕ್ಷಣವೇ ಹೊರತು ಮಗು ಆಟ ಕಟ್ಟುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಏರುಪೇರನ್ನು ಇಚ್ಛೆಯೆಂದು ಓದಿಕೊಳ್ಳುವುದರಲ್ಲೇ ತಪ್ಪಿದೆ.

ಆಡಿಯೋಗ್ರಾಂ, ಎಂದರೆ ಕೇಳುವಿಕೆಯ ಅಳತೆಯ ನಕ್ಷೆ, ಸರಿಯಿದ್ದೂ ಗದ್ದಲದ ನಡುವೆ ಮಾತು ಬಿಡಿಸಿಕೊಳ್ಳಲಾಗದ ಮಕ್ಕಳಿದ್ದಾರೆ. ಇದನ್ನು ಶ್ರವಣ ಸಂಸ್ಕರಣೆಯ ತೊಂದರೆ ಎನ್ನುತ್ತಾರೆ. ಅದು ಪ್ರತ್ಯೇಕ ಕಾಯಿಲೆಯೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. 6ರಿಂದ 11 ವರ್ಷದ ಸುಮಾರು 1500 ಮಕ್ಕಳನ್ನು ಪರೀಕ್ಷಿಸಿ ಬ್ರಿಟನ್ನಿನ ಡೇವಿಡ್ ಮೂರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ತೊಂದರೆಗೆ ಕಿವಿಯ ಸಂವೇದನೆಗಿಂತ ಗಮನದ ಕೊರತೆಯೇ ಹೆಚ್ಚಿನ ಕಾರಣ. ಇಂದ್ರಿಯ ಎಲ್ಲಿ ಮುಗಿದು ಮನಸ್ಸು ಎಲ್ಲಿ ಶುರುವಾಗುತ್ತದೆ ಎಂಬ ನೈಯಾಯಿಕರ ಪ್ರಶ್ನೆ ಪ್ರಯೋಗಾಲಯದಲ್ಲೂ ಸುಲಭವಾಗಿ ಬಗೆಹರಿದಿಲ್ಲ.

ಅಳೆಯುವ ಕೋಲೂ ಪರೀಕ್ಷೆಗೆ ಒಳಗಾಗಬೇಕು. ಶಾಲೆಗೆ ಸೇರಲು ಸೆಪ್ಟೆಂಬರ್ 1ರೊಳಗೆ ಐದು ತುಂಬಿರಬೇಕೆಂಬ ನಿಯಮವಿರುವ ಅಮೆರಿಕದ ರಾಜ್ಯಗಳಲ್ಲಿ, ತರಗತಿಯ ಅತಿ ಚಿಕ್ಕವರಾದ ಆಗಸ್ಟ್ ಸಂಜಾತರಿಗೆ ಎಡಿಎಚ್‌ಡಿ ಎಂಬ ಹಣೆಪಟ್ಟಿ ಸೆಪ್ಟೆಂಬರ್ ಸಂಜಾತರಿಗಿಂತ ಶೇ 34ರಷ್ಟು ಹೆಚ್ಚು ಅಂಟುತ್ತಿತ್ತೆಂದು 2018ರ ಅಧ್ಯಯನವೊಂದು ತೋರಿಸಿತು. ತೊಂದರೆ ಸುಳ್ಳೆಂದು ಇದರ ಅರ್ಥವಲ್ಲ. ಎಳೆತನವನ್ನೂ ತೊಂದರೆಯೆಂದು ಎಣಿಸುವುದುಂಟು ಎಂದರ್ಥ. ಓದಿನಲ್ಲೂ ಹೀಗೆಯೇ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಕನ್ನಡದ ಮಗು ಕಲಿಯಬೇಕಾದ ಅಕ್ಷರರೂಪಗಳು ನಾನೂರಕ್ಕೂ ಹೆಚ್ಚು. ಇವುಗಳ ಮೇಲೆ ಹಿಡಿತ ಬರಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕೆಂದು ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಇಂಗ್ಲಿಷಿನ ಅಳತೆಯನ್ನು ಇಲ್ಲಿಗೆ ತಂದರೆ ಎರಡನೆಯ ತರಗತಿಯ ಸಹಜ ಎಡವಟ್ಟೂ ಓದಿನ ತೊಂದರೆಯಾದ ಡಿಸ್‌ಲೆಕ್ಸಿಯಾದಂತೆ ಕಂಡೀತು. ಕಾಲಕ್ರಮೇಣ ಸರಿಹೋಗುತ್ತದೆ ಎಂಬ ಮಾತಿನ ಹಿಂದೆ ನಿಜವಾದ ತೊಂದರೆ ಅಡಗಿಯೂ ಉಳಿದೀತು. ಭಾರತದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅಂಗವಿಕಲತೆಗಳ ಸಾಲಿಗೆ ಸೇರಿಸಿದ್ದು 2016ರ ಕಾಯ್ದೆ.

ಗಮನ ಇಚ್ಛೆಗೆ ಪೂರ್ತಿ ಒಳಪಟ್ಟದ್ದಲ್ಲ ಎಂದಾದರೆ, ಶಿಸ್ತು, ಅಭ್ಯಾಸಗಳಿಗೆ ಅರ್ಥವೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಫ್ರಾನ್ಸಿನ ತತ್ತ್ವಚಿಂತಕಿ ಸಿಮೋನ್ ವೇಲ್ ಇದಕ್ಕೆ ಒಂದು ಉತ್ತರ ಕೊಟ್ಟಳು. ಸ್ವತಃ ಶಿಕ್ಷಕಿಯಾಗಿದ್ದ ಆಕೆ, ಶಾಲೆಯ ಓದನ್ನು ದೈವಪ್ರೇಮದೊಡನೆ ಜೋಡಿಸಿ 1942ರಲ್ಲಿ ಬರೆದ ಪ್ರಬಂಧದಲ್ಲಿ, ಗಮನ ಕೊಡಿ ಎಂದೊಡನೆ ಮಕ್ಕಳು ಹುಬ್ಬು ಗಂಟಿಕ್ಕಿ ಉಸಿರು ಬಿಗಿಹಿಡಿಯುವುದನ್ನು ಗುರುತಿಸುತ್ತಾಳೆ. ಅಷ್ಟು ಬಿಗಿದರೂ ಅವರು ಗಮನಿಸುತ್ತಿರುವುದು ಏನನ್ನೂ ಅಲ್ಲ. ಆಕೆಯ ಪ್ರಕಾರ ಗಮನ ಸ್ನಾಯುಬಲವಲ್ಲ, ತೆರೆದುಕೊಂಡು ಕಾಯುವ ಸ್ಥಿತಿ. ಲೆಕ್ಕ ಬಿಡಿಸಲಾಗದೆ ಸೋತರೂ ಆ ಹೊತ್ತಿನ ಗಮನ ವ್ಯರ್ಥವಲ್ಲ. ಹಾಗಿದ್ದರೆ ಗಮನವನ್ನು ಬೆಳೆಸಲು ಸಾಧ್ಯ, ಗದರಿಸಿ ಹೊರಡಿಸಲು ಸಾಧ್ಯವಿಲ್ಲ.

ಹೊಣೆಯ ಬಗ್ಗೆ ಇನ್ನೊಂದು ಸುಳಿವನ್ನು ಬ್ರಿಟನ್ನಿನ ತತ್ತ್ವಚಿಂತಕ ಪೀಟರ್ ಸ್ಟ್ರಾಸನ್ 1962ರ ಪ್ರಬಂಧದಲ್ಲಿ ಕೊಡುತ್ತಾನೆ. ಮನುಷ್ಯರ ಬಗ್ಗೆ ಕೋಪ, ಕೃತಜ್ಞತೆ ತಾಳುವುದು ಅವರನ್ನು ಸಮಾನರೆಂದು ನಡೆಸಿಕೊಳ್ಳುವ ರೀತಿ. ಚಿಕಿತ್ಸೆಗೆ, ನಿರ್ವಹಣೆಗೆ ಒಳಪಡುವವರೆಂದು ನೋಡುವುದು ಬೇರೆ ರೀತಿ. ಮಕ್ಕಳನ್ನು ಬೆಳೆಸುವವರು ಇವೆರಡರ ನಡುವೆ ನಿಂತಿರುತ್ತಾರೆ. ಪೂರ್ತಿ ದೂರುವುದು ಅನ್ಯಾಯ; ಹಣೆಪಟ್ಟಿ ಅಂಟಿಸಿ ಏನನ್ನೂ ಅಪೇಕ್ಷಿಸದಿರುವುದೂ ಮಗುವನ್ನು ಸಣ್ಣದು ಮಾಡುತ್ತದೆ. ಮಾಡಲಾಗುವಷ್ಟೇ ಮಾಡಬೇಕಾದದ್ದು ಎಂಬ ತತ್ತ್ವದಿಂದ ಕರ್ತವ್ಯಗಳಿಗೆ ಒಂದು ಕ್ರಮ ಸಿಗುತ್ತದೆ. ಮೊದಲು ಕಿವಿಯ ಪರೀಕ್ಷೆ. ಆಮೇಲೆ ತರಗತಿಯ ಗದ್ದಲ, ಕೂರುವ ಜಾಗ, ಪಾಠದ ರೀತಿ, ವಯಸ್ಸಿಗೆ ತಕ್ಕ ಅಪೇಕ್ಷೆ. ಬೇಕಿದ್ದರೆ ಭಾಷೆ, ಓದು, ಗಮನಗಳ ತಪಾಸಣೆ. ಮಗುವಿನಿಂದ ಪ್ರಯತ್ನ ಕೇಳುವ ಹಕ್ಕು ಹಿರಿಯರಿಗೆ ಬರುವುದು ಇಷ್ಟಾದ ಮೇಲೆ, ಅದೂ ಅದರ ಶಕ್ತಿ ಬೆಳೆದಷ್ಟು ಮಾತ್ರ.