ಕಂಡವರಾರು?

2001ರಲ್ಲಿ ಮುಚ್ಚಿಹೋದ ಕೋಲಾರದ ಚಿನ್ನದ ಗಣಿಗಳ ವಿಷಯದಲ್ಲಿ ಒಂದು ಧರ್ಮಜಿಜ್ಞಾಸೆ ಇನ್ನೂ ಉಳಿದಿದೆ. ಆ ಚಿನ್ನವನ್ನು ಕಂಡವರಾರು? 1802ರಲ್ಲಿ ಮೈಸೂರು ಸೀಮೆಯ ಮೂಡಣ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ವಾರನ್ನನ ಹೆಸರನ್ನು ಗ್ರಂಥಗಳು ಹೇಳುತ್ತವೆ. ಆದರೆ ಆತನು ಬಹುಮಾನವನ್ನು ಸಾರಿದಾಗ, ಬಂಡಿಗಳಲ್ಲಿ ಮಣ್ಣನ್ನು ತಂದು, ಆತನ ಕಣ್ಣೆದುರಿಗೇ ತೊಳೆದು, ಹೊಳೆಯುವ ಕಣಗಳನ್ನು ತೋರಿಸಿದವರು ಅಲ್ಲಿಯ ಹಳ್ಳಿಗರಂತೆ! ತೋರಿಸಿದವನು ಕಂಡವನೋ, ನೋಡಿ ಬರೆದವನೋ?

ತಾರ್ಕಿಕರು ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಭೇದವನ್ನು ಹೇಳುವರು. ಬೆಣಚುಕಲ್ಲಿನ ಚಾಂಪಿಯನ್ ರೀಫಿಗೆ ಪಡುವಣದಲ್ಲಿರುವ ಅದಿರಿನ ಪಟ್ಟಿಗಳಲ್ಲಿ ಚಿನ್ನವು ಗಂಧಕ, ಪಾಷಾಣ, ಕಬ್ಬಿಣಗಳು ಕೂಡಿದ ಖನಿಜಗಳೊಡನೆ ಸೇರಿಕೊಂಡಿದೆ. ಬರಿಗಣ್ಣಿಗೆ ಸುಲಭವಾಗಿ ಸಿಕ್ಕದು. ಅಲ್ಲಿ ಅನುಮಾನವೇ ಪ್ರಮಾಣ. ಭೂವಿಜ್ಞಾನಿಯ ಯಶಸ್ಸು ಅವನದೇ. ಅದನ್ನು ಕಿಂಚಿತ್ತೂ ಕುಗ್ಗಿಸಲು ನನಗೆ ಇಷ್ಟವಿಲ್ಲ. ಆದರೂ 1880ರಲ್ಲಿ ಬಂದ ಜಾನ್ ಟೇಲರ್ ಕಂಪೆನಿಯವರು ಪೂರ್ವಿಕರು ತೋಡಿಬಿಟ್ಟ ಕುಳಿಗಳ ಜಾಡನ್ನು ಹಿಡಿದೇ ಆಳಕ್ಕೆ ಇಳಿದರೆಂಬುದನ್ನು ಮರೆಯಲಾಗದು.

ಬಹುಮಾನವನ್ನು ಸಾರಿದ ಮೇಲೆ ಋಣವೆಲ್ಲಿಯದು ಎಂದು ಕೆಲವರು ಕೇಳಬಹುದು. ಹಣವು ಶ್ರಮಕ್ಕೆ ಸಂದೀತು. ಆ ಮಣ್ಣಿನ ಗುಣವನ್ನು ತಲೆತಲಾಂತರದಿಂದ ಅರಿತಿದ್ದ ವಿದ್ಯೆಗೆ ಸಂದದ್ದೇನು? ಗಿಫರ್ಡ್, ಹೆನ್ರಿ ಎಂದು ಷಾಫ್ಟುಗಳಿಗೆ ಹೆಸರಿಟ್ಟರು. ಮಣ್ಣು ತೊಳೆದವರ ಹೆಸರಿನ ಷಾಫ್ಟೊಂದನ್ನು ನಾನು ಕಾಣೆ.