ಎದುರು ಮಾತು

ಶಾಲೆಗಳಲ್ಲಿ ಮಕ್ಕಳ ಸಂಸತ್ತು ನಡೆಯುತ್ತದೆ. ಪ್ರಧಾನಿ, ಆರೋಗ್ಯಮಂತ್ರಿ, ಸ್ವಚ್ಛತಾಮಂತ್ರಿ. ಸ್ವಚ್ಛತಾ ಖಾತೆ ಯಾವ ಕೇರಿಯ ಮಗುವಿಗೆ ಹೋಗುತ್ತದೆಂದು ಮೇಷ್ಟ್ರುಗಳೇ ಎದೆ ಮುಟ್ಟಿಕೊಂಡು ಹೇಳಲಿ.

'ಕೈ ಎತ್ರೋ' ಅಂತಾರೆ. ಕೇರಿಯ ಹುಡುಗ ಮೊದಲು ಗೌಡರ ಮಗನ ಮುಖ ನೋಡುತ್ತಾನೆ. ಇವನಪ್ಪ ಆ ಮನೆಯ ಹೊಲದಲ್ಲೇ ಕೂಲಿ. ಆಗ ಎದ್ದ ಕೈ ಯಾರದು? 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಓದುಬಾರದ ನಮ್ಮ ಮುತ್ತಜ್ಜಿಯಂಥವರಿಗೆಂದು ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಮರೆಯಲ್ಲಿಟ್ಟಿದ್ದರು. ಅಲ್ಲಿ ದಣಿಯ ಕಣ್ಣು ಬೀಳಬಾರದು. ಐದನೇ ಕ್ಲಾಸಿನ ಮಗುವಿಗೆ ಅಷ್ಟು ಮರೆ ಬೇಡವೆ? ಒಂದು ಚೀಟಿ, ಒಂದು ಡಬ್ಬಿ ಸಾಕು.

ಇದು ಸುಲಭದ್ದು. ಕಷ್ಟದ್ದು ಬೇರೆ ಇದೆ. ಭಿನ್ನಾಭಿಪ್ರಾಯವನ್ನು ಮರ್ಯಾದೆಯಿಂದ ಹೇಳಬೇಕೆಂದು ಪಾಠ ಮಾಡುತ್ತೇವೆ. ಯಾವ ಮರ್ಯಾದೆ? ನಮ್ಮ ತಾತಂದಿರು ಚಪ್ಪಲಿ ಕೈಲಿ ಹಿಡಿದು ಊರೊಳಗೆ ನಡೆದದ್ದಕ್ಕೂ ಮರ್ಯಾದೆ ಎಂದೇ ಹೆಸರಿತ್ತು. ಉಳ್ಳವರ ಮಗ ಪ್ರಶ್ನೆ ಕೇಳಿದರೆ ಚುರುಕು. ಕೇರಿಯ ಹುಡುಗಿ ಕೇಳಿದರೆ 'ಎದುರು ಮಾತಾಡ್ತೀಯೇನೇ?' ಮರ್ಯಾದೆಯೇ ಬೇಡ ಅನ್ನುತ್ತಿಲ್ಲ ನಾವು. ಎರಡೂ ಕಡೆಯಿಂದ ಬರಲಿ. ಅವಳ ಮಾತು ಮುಗಿಯೋವರೆಗೆ ಮೇಷ್ಟ್ರೂ ಕೇಳಲಿ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ರಾಜಕಾರಣದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದರು. ನಾವೋ, ಅವರ ಪಟಕ್ಕೆ ಹಾರ ಹಾಕಿ ಸಭೆ ಶುರು ಮಾಡ್ತೀವಿ; ಮುಖಂಡರ ಮಾತಿಗೆ ಅಡ್ಡ ಬಂದ ಹುಡುಗನಿಗೆ 'ಕೂತ್ಕೊಳೋ' ಅಂತೀವಿ. ಹಾಗೆ ಕೂತವನೊಬ್ಬ ಮತ್ತೆ ಸಭೆಗೆ ಬಂದಿಲ್ಲ. ಏನು ಹೇಳಹೊರಟಿದ್ದನೋ, ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.