ತೆರೆಯ ಮೇಲಿನ ಪ್ರಳಯವೂ ನೋಡುವ ಕಣ್ಣೂ

ಪರರ ವಿಪತ್ತನ್ನು ಕಂಡು ಆನಂದಿಸುವುದು ದೋಷವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ವಿಪತ್ತು ಕಲ್ಪಿತವಾಗಿದ್ದು, ಮುಳುಗುವವರು ಸಂಬಳ ಪಡೆದ ನಟರಾಗಿದ್ದು, ಮುಳುಗಿಸುವ ನೀರು ಗಣಕಯಂತ್ರದಲ್ಲಿ ಹುಟ್ಟಿದುದಾದರೆ ಆಗಲೂ ದೋಷವುಂಟೆ? ಬಿರುಗಾಳಿಗೋ ಜಲಪ್ರವಾಹಕ್ಕೋ ಸಿಕ್ಕಿ ಒಂದು ಮಹಾನಗರವು ನುಚ್ಚುನೂರಾಗುವುದನ್ನು ತೋರಿಸುವ ಚಲನಚಿತ್ರಗಳನ್ನು ಇಂದು ನಮ್ಮ ಮನೆಗಳಲ್ಲಿ ಮೊಮ್ಮಕ್ಕಳೂ ಅಜ್ಜಂದಿರೂ ಒಟ್ಟಿಗೆ ಕುಳಿತು ನೋಡುತ್ತಿರುವುದರಿಂದ ಈ ಪ್ರಶ್ನೆಯು ವಿಚಾರಾರ್ಹವಾಗಿದೆ.

ಈ ಜಾತಿಯ ಚಿತ್ರಗಳಲ್ಲಿ ಹೆಸರಾದುದು 2004ರಲ್ಲಿ ರೋಲಂಡ್ ಎಮ್ಮೆರಿಕ್ ನಿರ್ದೇಶಿಸಿದ ‘ದಿ ಡೇ ಆಫ್ಟರ್ ಟುಮಾರೋ’. ಅದರಲ್ಲಿ ನ್ಯೂಯಾರ್ಕ್ ನಗರವು ಮೊದಲು ಸಮುದ್ರದ ನೀರಿನಲ್ಲಿ ಮುಳುಗಿ ಬಳಿಕ ಹಿಮಗಟ್ಟುತ್ತದೆ. ಗ್ರಂಥಾಲಯದಲ್ಲಿ ಆಶ್ರಯ ಪಡೆದವರು ಚಳಿ ತಾಳಲಾರದೆ ಪುಸ್ತಕಗಳನ್ನು ಒಲೆಗೆ ಹಾಕುತ್ತಾರೆ. ತತ್ತ್ವಜ್ಞಾನಿಯೊಬ್ಬನ ಗ್ರಂಥವನ್ನು ಸುಡಬಹುದೇ ಕೂಡದೇ ಎಂದು ಇಬ್ಬರು ವಾದಿಸುತ್ತಿರುವಾಗ ಮತ್ತೊಬ್ಬನು ತೆರಿಗೆ ಕಾನೂನಿನ ಪುಸ್ತಕಗಳ ವಿಭಾಗವೇ ಇಲ್ಲಿದೆಯೆಂದು ಕೂಗಿ ಹೇಳುತ್ತಾನೆ. ಬಿ.ಕಾಂ. ಓದಿ ಅಂಗಡಿಯ ಲೆಕ್ಕಪತ್ರಗಳಲ್ಲಿಯೇ ಆಯುಷ್ಯವನ್ನು ಸವೆಸಿದ ನನಗೆ ಆ ಚಿತ್ರದಲ್ಲಿ ನಿರ್ಮಲವಾದ ಸಂತೋಷವನ್ನು ಕೊಟ್ಟುದು ಈ ದೃಶ್ಯವೊಂದೇ ಎಂದರೆ ವಾಚಕರು ನಗಬಾರದು. ಉಳಿದಂತೆ ಆ ಕಥೆಯಲ್ಲಿ ಅಸಂಖ್ಯಾತ ಜನರು ಸಾಯುತ್ತಾರೆ. ಆದರೆ ನಮ್ಮ ಆತಂಕವೆಲ್ಲ ಒಬ್ಬ ಹುಡುಗನ ಮೇಲೆ, ಅವನನ್ನು ಹುಡುಕಿಕೊಂಡು ಹಿಮದಲ್ಲಿ ನಡೆದು ಬರುವ ತಂದೆಯ ಮೇಲೆ ನೆಟ್ಟಿರುತ್ತದೆ. ಹುಡುಗನು ಬದುಕಿದನೆಂದರೆ ಚಿತ್ರವು ಸುಖಾಂತವಾಯಿತು.

ಇಂಥ ಚಿತ್ರಗಳಿಂದ ಜನಜಾಗೃತಿಯಾಗುವುದೆಂಬ ವಾದವೊಂದುಂಟು. ಅದನ್ನು ತಳ್ಳಿಹಾಕಲಾಗದು. ಇದೇ ಚಿತ್ರ ಬಂದಾಗ ಅಮೆರಿಕದಲ್ಲಿ ನಡೆದ ಸಮೀಕ್ಷೆಯಲ್ಲಿ, ಚಿತ್ರವನ್ನು ನೋಡಿದವರಿಗೆ ಹವಾಮಾನದ ಬದಲಾವಣೆಯ ವಿಷಯದಲ್ಲಿ ನೋಡದವರಿಗಿಂತ ಹೆಚ್ಚು ಚಿಂತೆಯಿದ್ದುದು ಕಂಡುಬಂದಿತು. ಆದರೂ ಭಯಪಡುವುದು ಬೇರೆ, ಕರುಣೆಪಡುವುದು ಬೇರೆ. ಭಯವು ನನಗೇನಾದೀತು ಎಂದು ಕೇಳುತ್ತದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ರೌದ್ರಧ್ಯಾನದ ಮೂಲಗಳನ್ನು ಹೇಳುವಾಗ ಹಿಂಸೆಯನ್ನೇ ಮೊದಲು ಎಣಿಸಿದ್ದಾರೆ. ಹಿಂಸೆಯಲ್ಲಿ ಮನಸ್ಸು ರಮಿಸುವುದನ್ನು ಹಿಂಸಾನಂದವೆಂದು ಕರೆಯುವುದು ವಾಡಿಕೆ. ಸಮಂತಭದ್ರಾಚಾರ್ಯರು ಅನರ್ಥದಂಡಗಳನ್ನು ಎಣಿಸುವಾಗ ಚಿತ್ತವನ್ನು ಕೆಡಿಸುವ ಕಥೆಗಳನ್ನು ಕೇಳುವ ದುಃಶ್ರುತಿಯನ್ನೂ ಸೇರಿಸಿದ್ದಾರೆ. ಇಷ್ಟನ್ನು ಹಿಡಿದುಕೊಂಡು ಇಂಥ ಚಿತ್ರಗಳೆಲ್ಲ ತ್ಯಾಜ್ಯವೆಂದು ತೀರ್ಪು ಕೊಟ್ಟುಬಿಡುವುದು ಸುಲಭ. ಹಾಗೆ ಮಾಡಿದರೆ ಅವಸರ್ಪಿಣಿಯ ಅಂತ್ಯದಲ್ಲಿ 49 ದಿನಗಳವರೆಗೆ ಗಾಳಿ, ವಿಷ, ಬೆಂಕಿ, ಧೂಳುಗಳು ಸುರಿಯುವುವೆಂಬ ನಮ್ಮ ಶಾಸ್ತ್ರದ ವರ್ಣನೆಯನ್ನು ಎಲ್ಲಿಡುವುದು? ನಾಶದ ವರ್ಣನೆಯೇ ದೋಷವಲ್ಲ. ಅದರ ಮುಂದೆ ಕುಳಿತವನ ಚಿತ್ತವು ಎತ್ತ ಹರಿಯಿತೆಂಬುದೇ ವಿಚಾರದ ಕೇಂದ್ರ.

ಇದಕ್ಕೆ ನೀಲಾಂಜನೆಯ ಪ್ರಸಂಗಕ್ಕಿಂತ ಒಳ್ಳೆಯ ನಿದರ್ಶನವು ನನಗೆ ತೋರದು. ಪಂಪನ ಆದಿಪುರಾಣವನ್ನು ಓದಿದವರೆಲ್ಲ ಅದನ್ನು ಬಲ್ಲರು. ಆಯುಷ್ಯ ಮುಗಿಯುತ್ತ ಬಂದ ದೇವನರ್ತಕಿಯನ್ನು ಇಂದ್ರನು ವೃಷಭನ ಸಭೆಗೆ ಕರೆತರುತ್ತಾನೆ. ನರ್ತಿಸುತ್ತಿರುವಾಗಲೇ ಅವಳು ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತೆಯೇ ಇರುವ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ನೃತ್ಯವು ಮುಂದುವರಿಯುತ್ತದೆ, ಸಭೆಯು ಮೆಚ್ಚುತ್ತಲೇ ಇರುತ್ತದೆ. ಒಂದು ಜೀವ ಹೋದುದನ್ನು ಕಂಡವನು ಆದಿದೇವನೊಬ್ಬನೇ. ವೈರಾಗ್ಯಕ್ಕೆ ಕಾರಣವಾದುದೂ ಒಂದು ಪ್ರದರ್ಶನವೇ ಎಂಬುದನ್ನು ನಾವು ಮರೆಯಬಾರದು. ಸಭೆಯಲ್ಲಿದ್ದ ಉಳಿದವರು ಪಾಪಿಗಳಲ್ಲ. ಅವರ ಕಣ್ಣು ಕುಣಿತದ ಮೇಲಿತ್ತು, ಕುಣಿಯುವವಳ ಮೇಲಿರಲಿಲ್ಲ. ನಗರಗಳು ಮುಳುಗುವ ಚಿತ್ರಗಳಲ್ಲಿ ನಿರ್ದೇಶಕನು ಇಂದ್ರನ ಕೆಲಸವನ್ನೇ ಮಾಡುತ್ತಾನೆ. ಸೇತುವೆಯ ಮೇಲಿದ್ದ ನೂರು ಜನ ಮಾಯವಾದರೂ ರಸಭಂಗವಾಗುವುದಿಲ್ಲ. ಮರುಕ್ಷಣವೇ ಮತ್ತೊಂದು ಸೇತುವೆ ಸಿದ್ಧವಾಗಿರುತ್ತದೆ.

ಎಲ್ಲ ಚಿತ್ರಗಳೂ ಹೀಗೆಯೇ ಎಂದಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರವು ಸ್ತಬ್ಧವಾಯಿತು. ಹಿಂದಿಯ ‘ತುಮ್ ಮಿಲೇ’ ಅದನ್ನು ಒಂದು ಪ್ರೇಮಕಥೆಗೆ ಪರದೆಯಾಗಿ ಬಳಸಿಕೊಂಡಿತು, ಅಷ್ಟೆ. ಆದರೆ 2023ರಲ್ಲಿ ತೆರೆಕಂಡ ಜೂಡ್ ಆಂಥನಿ ಜೋಸೆಫ್ ಅವರ ಮಲಯಾಳಂ ಚಿತ್ರ ‘2018’ರ ರೀತಿ ಬೇರೆ. ಆ ವರ್ಷದ ಆಗಸ್ಟಿನ ಕೇರಳದ ಪ್ರವಾಹವೇ ಅದರ ವಸ್ತು. ಅಲ್ಲಿ ಒಬ್ಬನೇ ನಾಯಕನಿಲ್ಲ. ಕಡಲ ಬದಿಯ ಬೆಸ್ತರು ತಮ್ಮ ದೋಣಿಗಳನ್ನು ಒಳನಾಡಿಗೆ ಸಾಗಿಸಿ ಜನರನ್ನು ಪಾರುಮಾಡಿದ ನಿಜಸಂಗತಿಗೆ ಅದರಲ್ಲಿ ದೊಡ್ಡ ಸ್ಥಾನವಿದೆ. ಜೀವವಧೆಯೇ ಕಸುಬಾದ ಜನರೆಂದು ನಾವು ದೂರವಿಡುವವರ ಕೈಯಿಂದ ಅಷ್ಟೊಂದು ಜೀವಗಳು ಉಳಿದುವು. ಇದನ್ನು ನಮ್ಮ ಸಮಾಜದವರು ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

ನಗರನಾಶದ ಕಥೆಗಾಗಿ ನಾವು ನ್ಯೂಯಾರ್ಕಿಗೆ ಹೋಗಬೇಕಾಗಿಯೂ ಇಲ್ಲ. ತಿ. ನರಸೀಪುರ ತಾಲೂಕಿನಲ್ಲಿಯೇ ಗಂಗರ ರಾಜಧಾನಿಯಾದ ತಲಕಾಡು ಮರಳಿನಡಿ ಮಲಗಿದೆ. ಅಲಮೇಲಮ್ಮನ ಶಾಪವನ್ನು ಎಲ್ಲರೂ ಬಲ್ಲರು. ಶಾಪವೆಂದರೆ ಕ್ಷಣದಲ್ಲಿ ಫಲಿಸುವಂಥದು, ತೆರೆಗೆ ಬಹಳ ಅನುಕೂಲ. ಆದರೆ ಕೆ.ಎನ್. ಗಣೇಶಯ್ಯನವರಂಥ ಸಂಶೋಧಕರು ತೋರಿಸುವ ಕಾರಣವು ಬೇರೆ. 14ನೆಯ ಶತಮಾನದಲ್ಲಿ ಮಾಧವಮಂತ್ರಿಯು ಕಾವೇರಿಗೆ ಕಟ್ಟಿಸಿದ ಕಟ್ಟೆಯಿಂದ ಕೆಳಗಿನ ಪಾತ್ರದಲ್ಲಿ ನೀರು ಇಳಿಯಿತು. ಬಯಲಾದ ಮರಳನ್ನು ಗಾಳಿಯು ಊರಿನ ಮೇಲೆ ತಂದು ಸುರಿಯಿತು. ಬೆಳೆಗೆ ನೀರು ಬೇಕೆಂದು ಮಾಡಿದ ಸತ್ಕಾರ್ಯವೇ ತಲೆಮಾರುಗಳ ಬಳಿಕ ಗುಡಿಗಳನ್ನು ಹೂತಿತು. ಬಿತ್ತಿದವನೇ ಉಣ್ಣುವನೆಂಬ ಕರ್ಮದ ಲೆಕ್ಕವನ್ನು ಕೇಳಿ ಬೆಳೆದವರಿಗೆ ಇದು ಕಷ್ಟದ ಪ್ರಶ್ನೆ. ಒಬ್ಬನ ಕಾರ್ಯದ ಪರಿಣಾಮವನ್ನು ಅವನನ್ನು ಕಾಣದ ಮರಿಮಕ್ಕಳು ಉಣ್ಣುವಾಗ ಹೊಣೆ ಯಾರದು? ಇಷ್ಟು ನಿಧಾನವಾದ ಪ್ರಳಯವನ್ನು ಯಾವ ನಿರ್ದೇಶಕನೂ ಚಿತ್ರಿಸಲಾರನು; ಇಂದಿನ ಹವಾಮಾನದ ವಿಪತ್ತೋ ಬಹುಮಟ್ಟಿಗೆ ಈ ಬಗೆಯದೇ.

ಇನ್ನು ನಂಜನಗೂಡು. ವಯನಾಡಿನಲ್ಲಿ ಮಳೆ ಹಿಡಿದರೆ ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಇಲ್ಲಿ ಕಪಿಲೆ ಏರುತ್ತಾಳೆ. 2018ರಲ್ಲಿ ಕೇರಳವನ್ನು ಕಾಡಿದ ಮಳೆಯೇ ಇಲ್ಲಿಯೂ ನದಿಯನ್ನು ಉಕ್ಕಿಸಿತು. 2019ರ ಆಗಸ್ಟಿನಲ್ಲಿ ಬಿಟ್ಟ ನೀರು ಒಂದು ಲಕ್ಷ ಕ್ಯೂಸೆಕ್ ದಾಟಿತು. ಹದಿನಾರು ಕಾಲು ಮಂಟಪ ಮುಳುಗಿತು, ಪರಶುರಾಮ ದೇವಾಲಯವನ್ನು ನೀರು ಸುತ್ತಿತು, ಮೈಸೂರಿನ ರಸ್ತೆಯು ಮಲ್ಲನಮೂಲೆ ಮಠದ ಬಳಿ ಮುಚ್ಚಿತು. ತಿ. ನರಸೀಪುರದಲ್ಲಿ ಗುಂಜಾನರಸಿಂಹಸ್ವಾಮಿ ದೇವಾಲಯದ ಸೋಪಾನಗಳು ಕಾಣದಾದುವು. ಮಂಟಪವು ಎಷ್ಟು ಮುಳುಗಿದೆಯೆಂದು ನೋಡಲು ಜನರು ಬರುತ್ತಾರೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ತುಂಬಿದ ಹೊಳೆಯನ್ನು ಕಂಡಾಗ ಉಕ್ಕುವ ವಿಸ್ಮಯವು ಸಹಜವಾದುದು; ಅದನ್ನು ಹಿಂಸಾನಂದವೆನ್ನುವುದು ಅನ್ಯಾಯ. ಆದರೆ ಅಲ್ಲಿಂದ ಕೂಗಳತೆಯಲ್ಲಿ ತಗ್ಗಿನ ಬೀದಿಗಳ ಸಂಸಾರಗಳು ಪಾತ್ರೆ-ಪಡಗಗಳನ್ನು ಅಟ್ಟಕ್ಕೇರಿಸಿ ಕಾಳಜಿ ಕೇಂದ್ರಕ್ಕೆ ಹೊರಟಿರುತ್ತವೆ.

ವರ್ತಕನಾಗಿ ಒಂದು ಮಾತನ್ನು ಬಲ್ಲೆ: ನೀರು ಹೊಕ್ಕ ಅಂಗಡಿಯಲ್ಲಿ ನಷ್ಟದ ಲೆಕ್ಕ ತೆರೆಯುವುದು ನೀರು ಇಳಿದ ಮೇಲೆ. ಮನೆಗಳಲ್ಲಿಯೂ ಹಾಗೆಯೇ. ಮುಗ್ಗಿದ ಅಕ್ಕಿ, ಕೆಸರು ತುಂಬಿದ ಒಲೆ, ನೆನೆದ ಹಾಸಿಗೆ, ಕೂಲಿಯಿಲ್ಲದೆ ಕಳೆದ ವಾರ. ಆಗ ರಸ್ತೆ ತೆರೆದಿರುತ್ತದೆ, ನೋಡಲು ಬಂದವರು ಹಿಂತಿರುಗಿರುತ್ತಾರೆ, ಕಾಳಜಿ ಕೇಂದ್ರವೂ ಮುಚ್ಚಿರುತ್ತದೆ. ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ ದೊಡ್ಡ ಪಾತ್ರೆಗಳಿವೆ, ಜಮಖಾನೆಗಳಿವೆ, ನೂರಾರು ಜನರಿಗೆ ಅಡುಗೆ ಮಾಡಬಲ್ಲವರಿದ್ದಾರೆ. ಅವು ಬೇಕಾಗುವುದು ಹೊಳೆ ತುಂಬಿದ ದಿನಕ್ಕಿಂತಲೂ ಹೆಚ್ಚಾಗಿ, ಅದು ಇಳಿದ ಮೂರನೆಯ ನಾಲ್ಕನೆಯ ದಿನ.